ರೋಹಿಣಿಯ ಓತ್ವ

2024ರ ನವೆಂಬರ್ 19, ಮಂಗಳವಾರ, ಮಧ್ಯಾಹ್ನ ಎರಡು ಗಂಟೆ ನಲವತ್ತು ನಿಮಿಷ, ಕಪ್ಪು ಪರದೆಯ ಮೇಲೆ ಮತ್ತೆ ಅದೇ ಅಂಕಿ, 564.8, ಅದರ ಕೆಳಗೆ ಕರ್ಸರ್ ಏನೂ ಆಗಿಲ್ಲವೆಂಬಂತೆ ಮಿಟುಕುತ್ತಿದೆ — ದುರ್ಗದ ಕಾಲೇಜಿನ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ಅಲ್ಲೇ ಪಾಠ ಹೇಳುವ ನೇತ್ರಾವತಿ ಒಬ್ಬಳೇ, ಹಿರಿಯೂರಿನಲ್ಲಿ ಮಳೆಯ ಲೆಕ್ಕವನ್ನು ಟೈಪಿಸಿಕೊಟ್ಟ ಗೆಳತಿ ಬಿಂದುವಿನ ಹಳೆಯ ಮ್ಯಾಕ್ ಕಂಪ್ಯೂಟರ್ ಇದೇ ಫೈಲುಗಳನ್ನು ಓದಿ 612.4 ಎನ್ನುತ್ತದೆ, ಇಲ್ಲಿನ ಲಿನಕ್ಸ್ ಒಪ್ಪುವುದಿಲ್ಲ, ಒಂದೇ ಊರು ತಾಳ್ಯ, ಒಂದೇ ವರ್ಷ 1998, ಆಕಾಶವೇನು ಎರಡು ಥರ ಸುರಿದಿತ್ತೇ, ಪ್ರೋಗ್ರಾಮು ಅವಳೇ ಬರೆದದ್ದು, ಮಳೆ ಎಂದು ಟೈಪಿಸಿ, ವರ್ಷ ಕೊಟ್ಟು, ಎಂಟರ್ ಒತ್ತಿದರೆ ಮೊತ್ತ ಬರಬೇಕು, ಯಾವ ಕಂಪ್ಯೂಟರಾದರೂ ಅದೇ ಮೊತ್ತ, ಅಷ್ಟೇ ಅದರ ಕೆಲಸ, ಅಷ್ಟನ್ನೂ ಮಾಡುತ್ತಿಲ್ಲ, ಹೊಳಲ್ಕೆರೆಯಿಂದ ರವೀಂದ್ರ ಸಾರ್ ಆಗಲೇ ಫೋನ್ ಮಾಡಿಯಾಯಿತು, ಜಿಲ್ಲೆಯ ಹಳೆಯ ಮಳೆ ದಾಖಲೆಗಳನ್ನೆಲ್ಲ ಒಂದು ಪುಸ್ತಕ ಮಾಡುತ್ತಿರುವವರು, ನೋಡಮ್ಮ, ನಾಲ್ಕಕ್ಕೆ ಪುಟಗಳು ಪ್ರೆಸ್ಸಿಗೆ ಹೋಗ್ತಾವೆ, ಎರಡು ಮಿಷನ್ನು ಎರಡು ಲೆಕ್ಕ ಹೇಳ್ತಾವೆ ಅಂದ್ರೆ ಮೂಲದಲ್ಲೇ ಹೆಚ್ಚುಕಮ್ಮಿ ಐತೆ, ಕುರಿ ಕಾಯೋ ಹೆಣ್ಮಗಳು ಬರ್ದಿದ್ದು ಬೇರೆ, ತಾಳ್ಯ ಬಿಟ್ಟುಬಿಡಾಣ — ಬಿಟ್ಟುಬಿಡಾಣ, ಎಷ್ಟು ಹಗುರಾಗಿ, ಇಪ್ಪತ್ತೇಳು ವರ್ಷದ ಬೆಳಗುಗಳನ್ನು.

ಸಿದ್ದಕ್ಕತ್ತೆ, ಅಪ್ಪನ ಅಕ್ಕ, ಹೋದ ವರ್ಷ ತೀರಿಕೊಂಡವಳು, ಶಾಲೆಯ ಅಂಗಳದ ಮಳೆಮಾಪಕದ ಮುಂದೆ ಸೆರಗು ಸಿಕ್ಕಿಸಿ ನಿಂತಿದ್ದಾಳೆ, ಎಂಟೂವರೆಗೆ ಮುಂಚೆ ಅದನ್ನು ಮುಟ್ಟುವುದಿಲ್ಲ, ಬೇಲಿಯಾಚೆ ಗೊಲ್ಲಪ್ಪ ಮಾವ, ಏನೇ, ಆಕಾಶದ ಹಾಲು ಕರ್ದಿದ್ದಾಯ್ತಾ, ಕುರಿ ದೊಡ್ಡೀಲಿ ಬಡ್ಕಂತಾವೆ, ಅತ್ತೆ ತಿರುಗಿಯೂ ನೋಡುವುದಿಲ್ಲ, ಇರ್ರಿ, ಇನ್ನೂ ಎಂಟೂ ಇಪ್ಪತ್ತೊಂಬತ್ತು, ಅದು ಎಂಟೂವರೆ ಅಲ್ಲ — ಆ ಹೆಂಗಸು ತಪ್ಪು ಬರೆಯುವುದೇ, ಒಂದೊಂದು ಮಳೆಗೆ ಒಂದೊಂದು ಹಾಳೆ, ಅಶ್ವಿನಿ, ಭರಣಿ, ಕೃತ್ತಿಕೆ, ಆಶ್ಲೇಷವನ್ನು ಮಾತ್ರ ಬಾಯಲ್ಲಿ ಬಂದಂತೆ ಅಸ್ಲೆ ಎಂದೇ, ಬಿಂದುವೂ ಹಾಳೆಗೊಂದರಂತೆ ಫೈಲು ಮಾಡಿ ಅವೇ ಹೆಸರಿಟ್ಟು ಕಳಿಸಿದ್ದಾಳೆ, ಹಾಗಾದರೆ ಕಡಿಮೆ ಬಿದ್ದ 47.6 ಒಂದು ಇಡೀ ಮಳೆಯೇ ಇರಬಹುದಲ್ಲ, ಒಂದೊಂದಾಗಿ ಹೇಳಿಸುತ್ತಾಳೆ, ಅಶ್ವಿನಿ ಸರಿ, ಭರಣಿ ಸರಿ, ರೋಹಿಣಿ 0.0, ರೋಹಿಣಿ ಸೊನ್ನೆಯೇ, ಪ್ರೋಗ್ರಾಮಿನಲ್ಲಿ ಆ ಸಾಲು ಅವಳದೇ, ಫೈಲು ಸಿಗದಿದ್ದರೆ ಸೊನ್ನೆ ಎಂದುಕೋ ಎಂದು ಅವಸರದಲ್ಲಿ ಬರೆದಿಟ್ಟದ್ದು, ಅತ್ತೆ ಇದ್ದಿದ್ದರೆ ಕಿವಿ ಹಿಂಡುತ್ತಿದ್ದಳು, ಹೋಗಿ ನೋಡ್ದೆ, ಮಳೆ ಬಂದಿರ್ಲಿಲ್ಲ, ಅದು ಸೊನ್ನೆ ಕಣೇ, ಜ್ವರ ಬಂದು ನೋಡಕ್ಕೆ ಹೋಗ್ಲಿಲ್ಲ, ಅದು ಗೀಟು, ಗೀಟಿಗೂ ಸೊನ್ನೆಗೂ ವ್ಯತ್ಯಾಸ ಗೊತ್ತಿಲ್ದೋಳು ನೀನೆಂಥ ಸೈನ್ಸು ಹೇಳ್ಕೊಡ್ತೀಯೇ — ಆದರೆ ಫೈಲು ಇದೆಯಲ್ಲ, ಪಟ್ಟಿಯಲ್ಲಿ ರೋಹಿಣಿ ಎಂದು ಕಣ್ಣಿಗೆ ಹೊಡೆಯುವಂತೆ ಇದೆ, ಪ್ರೋಗ್ರಾಮು ಇಲ್ಲ ಎನ್ನುತ್ತದೆ, ಹೆಸರಿನೊಳಗಿನ ಅಕ್ಷರ, ಗುಣಿತದ ಚಿಹ್ನೆಗಳನ್ನು ಒಂದೊಂದಾಗಿ ಎಣಿಸುತ್ತಾಳೆ, ಅವಳು ಟೈಪಿಸಿದ ರೋಹಿಣಿಗೆ ಆರು, ಬಿಂದು ಕಳಿಸಿದ ರೋಹಿಣಿಗೆ ಎಂಟು, ಎರಡು ಎಲ್ಲಿಂದ ಹೆಚ್ಚು ಬಂದವು, ರ, ಆಮೇಲೆ, ಆಮೇಲೆ — ಸ್ಲೇಟಿನ ತಣ್ಣನೆಯ ಕಲ್ಲು, ತನ್ನ ಬೆರಳಿನ ಮೇಲೆ ಉಣ್ಣೆಯ ವಾಸನೆಯ ಬೆರಳು, ಅತ್ತೆ ತಾನೇ ಸಾಕ್ಷರತಾ ಶಾಲೆಯಲ್ಲಿ ಹೊಸದಾಗಿ ಕಲಿತದ್ದು, ರ ಬರೀ, ಎತ್ವ ಕೊಡು, ಕೊಂಬು ಹಾಕು, ಈಗ ದೀರ್ಘ ಎಳಿ, ಓತ್ವ ಅಂದ್ರೆ ಸುಮ್ನೆ ಅಲ್ಲ, ಮೂರು ಸಾರಿ ಕೈ ಎತ್ಬೇಕು — ಮೂರು ಸಾರಿ! ಹಳೆಯ ಮ್ಯಾಕ್ ಹೆಸರನ್ನು ಇಡುವುದು ಅತ್ತೆಯ ಹಾಗೆ, ಬಿಡಿಸಿ, ಎತ್ವ, ಕೊಂಬು, ದೀರ್ಘ, ಒಟ್ಟಿಗೆ ಕೇಳಿದರೂ ಬಿಡಿಸಿ ಕೇಳಿದರೂ ಅದಕ್ಕೆ ಒಂದೇ, ಲಿನಕ್ಸ್ ಹಾಗಲ್ಲ, ಕೊಟ್ಟದ್ದನ್ನು ಕೊಟ್ಟ ಹಾಗೇ ಇಟ್ಟುಕೊಂಡು ಒಂದು ಗೆರೆ ಬೇರೆಯಾದರೂ ಬೇರೆಯವರೇ ಎನ್ನುತ್ತದೆ, ಉಳಿದ ಯಾವ ಮಳೆಯ ಹೆಸರಲ್ಲೂ ಹೀಗೆ ಬಿಡಿಸಬಹುದಾದ ಗುಣಿತ ಇಲ್ಲ, ಅತ್ತೆ ಆಶ್ಲೇಷ ಎಂದು ಬರೆದಿದ್ದರೆ ಅದೂ ಹೋಗುತ್ತಿತ್ತು, ಕಳೆದದ್ದು ರೋಹಿಣಿ ಒಂದೇ.

ಎರಡೂ ಹೆಸರನ್ನು ಒಂದೇ ರೂಪಕ್ಕೆ ತಂದು ಆಮೇಲೆ ಹೋಲಿಸು, ಫೈಲು ಸಿಗದಿದ್ದರೆ ಸೊನ್ನೆ ಬೇಡ, ನಿಂತು ಕೂಗಿ ಹೇಳು, ಎಂದು ಪ್ರೋಗ್ರಾಮನ್ನು ತಿದ್ದಿ, ಎಂಟರ್, 612.4, ಬಿಂದುವಿನ ಮ್ಯಾಕಿನಲ್ಲೂ ಅದೇ, ಹೊಳಲ್ಕೆರೆಯ ವಿಂಡೋಸಿನಲ್ಲಿ ರವೀಂದ್ರ ಸಾರ್ ತಾವೇ ಓಡಿಸಿ, ಹಾಂ, ಇಲ್ಲೂ ಅದೇ ಬಂತು ಕಣಮ್ಮ, ಆಯಮ್ಮಂದು ಸರಿಯಾಗೇ ಐತೆ, ನಾನೇ ದುಡುಕಿದೆ, ತಾಳ್ಯ ಹಾಕ್ತೀನಿ ಬಿಡು, ಮೂರು ಗಂಟೆ ಐವತ್ತು, ಫೋನಿಟ್ಟ ಮೇಲೆ ಸುಮ್ಮನೆ, ಕೆಲಸವಿಲ್ಲದಿದ್ದರೂ, 1998ರ ರೋಹಿಣಿಯ ಫೈಲು ತೆರೆಯುತ್ತಾಳೆ, ಮೇ ಮುಗಿದು ಜೂನ್ ಒಂದು, ಎರಡು, ಮೂರನೆಯ ತಾರೀಖಿನ ಎದುರು ಅತ್ತೆ ಅಂಚಿನಲ್ಲಿ ಬರೆದ ಮಾತನ್ನೂ ಬಿಡದೆ ಟೈಪಿಸಿದ್ದಾಳೆ ಬಿಂದು, ಇವತ್ತು ನೋಡಿದ್ದು ನೇತ್ರಾ — ಒಂಬತ್ತು ವರ್ಷ, ಒದ್ದೆ ಹುಲ್ಲಿನ ಮೇಲೆ ಮಂಡಿಯೂರಿ, ಅಳತೆಯ ಗಾಜು ಕಣ್ಣಿನ ಮಟ್ಟಕ್ಕೆ, ನಡುವೆ ತಗ್ಗಿ ಅಂಚಿನಲ್ಲಿ ಏರಿದ ನೀರು, ಎಷ್ಟೈತೆ ಹೇಳೇ, ನೀನೇ ನೋಡತ್ತೆ, ಇಲ್ಲ ಕಣವ್ವ, ಇವತ್ತು ನೀನು ಹೇಳಿದ್ದೇ ಬರಿಯೋದು, ಅಂಚು ನೋಡ್ಬೇಡ, ತಗ್ಗು ನೋಡು, ಉಸಿರು ಬಿಗಿಹಿಡಿದರೂ ಗಾಜು ನಡುಗುತ್ತದೆ, ತಗ್ಗು ನಡುಗುತ್ತದೆ, ಮತ್ತೆ ನಿಲ್ಲುತ್ತದೆ, ಆ ತಗ್ಗಿದ ನೀರು, ತಗ್ಗಿದ ನೀರು — ಹನ್ನೊಂದು ಪಾಯಿಂಟ್ ಎರಡು ಮಿಲಿಮೀಟರ್.