ಸದ್ದಿಲ್ಲದ ಬರಸೀಮ

ಎರಡು ಮಳೆಗಾಲ ಕೈಕೊಟ್ಟ ಮೇಲೆ ಎಕಂಬಾದ ಅರ್ಧ ಊರು ಹೈದರಾಬಾದಿನ ಹಾದಿ ಹಿಡಿಯಿತು. ದತ್ತಾತ್ರಿಯೂ ಹೊರಟ. ಅವನ ಹೆಂಡತಿ ಜನಾಬಾಯಿ ಮಾತ್ರ ಎಮ್ಮೆ ಬಿಟ್ಟು ಬರುವುದಿಲ್ಲವೆಂದು ಪಟ್ಟು ಹಿಡಿದಳು. ಮೊಂಡುತನದಲ್ಲಿ ಅವಳನ್ನು ಮೀರಿಸುವವರು ಔರಾದ ತಾಲೂಕಿನಲ್ಲೇ ಇರಲಿಲ್ಲ, ಆ ಎಮ್ಮೆಯೊಂದನ್ನು ಬಿಟ್ಟರೆ.

ಬಾವಿಯ ಪಕ್ಕದ ಮಡಿಯಲ್ಲಿ ಬರಸೀಮ ಇತ್ತು, ಎಮ್ಮೆಗೆಂದು ಬೆಳೆದ ಹಸಿ ಮೇವು. ಅದು ಕೊಯ್ದಷ್ಟೂ ಚಿಗುರುತ್ತದೆ. ಬೀಜ ಬೇಕೆಂದರೆ ಮಾತ್ರ ಕುಡುಗೋಲು ಕೆಳಗಿಟ್ಟು ಹೂವಾಗಲು ಬಿಡಬೇಕು. ಆ ವರ್ಷ ಪೇಟೆಯಲ್ಲಿ ಅದರ ಬೀಜ ಸಿಗುತ್ತಿರಲಿಲ್ಲ.

"ಬೀಜ ಆಯ್ತಂದ್ರ ಫೋನ್ ಮಾಡು, ಬಂದುಬಿಡ್ತೀನಿ. ಎಮ್ಮಿ ಮ್ಯಾಲೇ ಬದುಕೂಣು," ಎಂದ ದತ್ತಾತ್ರಿ. "ಆಗಲಿಲ್ಲಂದ್ರ ಎಮ್ಮಿ ಮಾರಿ ನೀನೂ ಬಾ."

"ಯಾಕ ಆಗಲ್ಲರಿ? ಹೋದ ವರ್ಷ ಆಗಿತ್ತಲ್ಲ," ಎಂದಳು ಅವಳು. "ಅದಿರಲಿ, ಆ ಬೇವಿನ ಗಿಡದ ಜೇನು ಬಿಡಿಸಿ ಹೋಗ್ರಿ. ಬಾನಿ ತುಂಬಾ ಅವೇ ಕೂಡ್ತಾವ, ಎಮ್ಮಿಗಿ ನೀರು ಕುಡೀಲಿಕ್ಕಿ ಬಿಡವಲ್ಲವು."

ಸುತ್ತಲಿನ ಜೇನೆಲ್ಲ ನೀರು ಹುಡುಕಿಕೊಂಡು ಎಂದೋ ಹಾರಿಹೋಗಿತ್ತು. ಬಾನಿಯ ನೀರು ನಂಬಿ ಉಳಿದದ್ದು ಅದೊಂದೇ ಹುಟ್ಟು. ದತ್ತಾತ್ರಿ ಹೊಗೆ ಹಾಕಿ ಬಿಡಿಸಿದ. ತುಪ್ಪ ಹಿಂಡಿ ಬಾಟಲಿಗೆ ತುಂಬಿಕೊಟ್ಟು, ಭಾಲ್ಕಿಯಲ್ಲಿ ರೈಲು ಹತ್ತಿದ. ಅವನು ತಿರುಗಿ ಬಂದ ದಿನವೇ ಮುಚ್ಚಳ ತೆಗೆಯುವುದೆಂದು ಜನಾಬಾಯಿ ಬಾಟಲಿಯನ್ನು ಎತ್ತಿಟ್ಟಳು.

ಆಮೇಲೆ ಅವಳು ಪಟ್ಟ ಪಾಡು ದೇವರಿಗೇ ಪ್ರೀತಿ. ಬಾವಿಯ ತಳದಿಂದ ಕೊಡ ಕೊಡ ನೀರೆತ್ತಿ ಮಡಿಗೆ ಸುರಿದಳು. ಎಮ್ಮೆಗೆ ಜೋಳದ ಒಣ ಕಣಿಕೆ ಹಾಕಿದಳು. ಕಣ್ಣೆದುರಿಗೇ ಹಸಿರು ಕಾಣುತ್ತಿದ್ದ ಆ ಪ್ರಾಣಿ ಗೂಟ ಕೀಳುವಂತೆ ಜಗ್ಗಿ ಕೂಗುತ್ತಿತ್ತು.

"ಸುಮ್ಮನಿರವ್ವ, ನಿನ್ನ ಸಲುವಾಗೇ ಅದ," ಅನ್ನುತ್ತಿದ್ದಳು. ಎಮ್ಮೆಯ ಹಾಲು ಬತ್ತಿತು.

ಮಡಿ ಬೆಳ್ಳಗೆ ಹೂಬಿಟ್ಟಾಗ ದೃಷ್ಟಿ ತಾಗುವಂತಿತ್ತು. ಹೂ ಒಣಗಿ ಕಂದಿದವು. ಕಾಳು ಉದುರಬಾರದೆಂದು ನಸುಕಿನ ತಂಪಿನಲ್ಲೇ ಕೊಯ್ದು, ಹಳೆಯ ಸೀರೆ ಹಾಸಿ ಬಡಿದು, ಮೊರದಲ್ಲಿ ಕೇರಿದಳು. ಹೊಟ್ಟು ಹಾರಿತು, ಮೊರದಲ್ಲಿ ಏನೂ ಉಳಿಯಲಿಲ್ಲ. ಇನ್ನೊಂದು ತೆನೆಯನ್ನು ಅಂಗೈಯಲ್ಲಿ ತಿಕ್ಕಿ ಊದಿದಳು. ಬರೀ ಅಂಗೈ ಕಂಡಿತು.

ಹೋದ ವರ್ಷ ಇದೇ ಹೂಗಳ ನಡುವೆ ನಿಂತರೆ ಆಡಿದ ಮಾತು ಕೇಳದಷ್ಟು ಜೇನು ಗುಂಯ್‌ಗುಡುತ್ತಿತ್ತು. ಈ ಸಲ ಒಂದು ಹುಳವೂ ಕೂತಿರಲಿಲ್ಲ. ಜೇನು ಕೂರದ ಹೂವಿನಲ್ಲಿ ಕಾಳು ಎಲ್ಲಿಂದ ಬಂದೀತು? ಇಷ್ಟು ದಿನ ಆ ಮೌನವನ್ನು ನೆಮ್ಮದಿ ಅಂದುಕೊಂಡಿದ್ದಳಲ್ಲ, ಹುಚ್ಚಿ! ತಲೆಯೆತ್ತಿ ಬೇವಿನ ಮರ ನೋಡಿದಳು. ಹೊಗೆಯ ಕಪ್ಪು ಕೊಂಬೆಯ ಮೇಲೆ ಇನ್ನೂ ಇತ್ತು.

ಭಾಲ್ಕಿಯ ಸಂತೆಗೆ ಹೊಡೆದುಕೊಂಡು ಹೋಗುವ ಮೊದಲು ಎಮ್ಮೆಯನ್ನು ಮಡಿಗೆ ಬಿಟ್ಟಳು. ಅದು ಒಣಗಿದ ಕೂಳೆ ಮೂಸಿ ಮುಖ ತಿರುಗಿಸಿತು.

ಎಮ್ಮೆ ಮಾರಿ ಬಂದ ಸಂಜೆ ಫೋನ್ ಮಾಡಿದಳು. "ನಾನೂ ಬರ್ತೀನಿರಿ."

ಯಾಕೆಂದು ದತ್ತಾತ್ರಿ ಕೇಳಲಿಲ್ಲ. ಕೆಮ್ಮಿದ. "ಸಿಮೆಂಟ್ ಧೂಳಿಗಿ ಕೆಮ್ಮು ಹತ್ಯಾದ. ಆ ಜೇನು ಅದ ನೋಡು, ಮರೀದೆ ತಗೊಂಡು ಬಾ."

"ತರ್ತೀನಿರಿ," ಎಂದಳು. ಬೀಜಕ್ಕೆಂದು ಹೊಲಿದಿಟ್ಟಿದ್ದ ಚೀಲದಲ್ಲಿ ಬಾಟಲಿಯನ್ನು ಸುತ್ತಿ, ಗಂಟಿನೊಳಗೆ ಇಟ್ಟಳು.