ಸಾಯುವ ಮೊದಲೇ ಹಾಡಾದವಳು

ಆ ಎಲಿಗಿಯೊನ ಬಾಯಲ್ಲಿ ಹುಳ ಬೀಳ! ಗಿಟಾರು ಹೆಗಲಿಗೇರಿಸಿ ಸಂತೆ ಸಂತೆ ಸುತ್ತೋದು, ಎಲ್ಲಿ ಕೊಲೆಯಾದರೂ ಅದರ ಮೇಲೊಂದು ಹಾಡು ಕಟ್ಟೋದು ಅವನ ಕಸುಬು. ಸಕತೆಕಾಸ್ ಸೀಮೆಯ ನಮ್ಮ ಹಳ್ಳಿಗಳಲ್ಲಿ ಪತ್ರಿಕೆ ಓದೋರು ಯಾರು? ಹಾಡಿನಲ್ಲಿ ವಾರ, ಊರು, ಕೊಂದವನ ಹೆಸರು, ಸತ್ತವಳ ಹೆಸರು ಬಂತೋ, ಮುಗೀತು, ಅದು ನಡೆದದ್ದೇ. ಬದುಕಿರೋರನ್ನು ಸಾಯಿಸಿ ಯಾರೂ ಹಾಡೋದಿಲ್ಲ.

ನನ್ನ ಅಕ್ಕನ ಮಗಳು ಒಟಿಲಿಯಾಳನ್ನು ಅವನು ಮದುವೆಗೆ ಕೇಳಿದ್ದ. "ಗಂಟಲೇನೋ ಚೆನ್ನಾಗಿದೆ ಕಣೋ, ಮಿಕ್ಕಿದ್ದು ಬೇಡ" ಅಂತ ಇವಳು ಬಾವಿಕಟ್ಟೆಯಲ್ಲಿ ಎಲ್ಲರೆದುರು ನಕ್ಕುಬಿಟ್ಟಳು. ಆಮೇಲೆ ಹೇಸರಗತ್ತೆ ಹೊಡೆಯುವ ನಾಬೋರ್‌ನನ್ನು ಕಟ್ಟಿಕೊಂಡಳು. ಮಗಳು ಲೂಸ್ ಹುಟ್ಟಿದಳು. ಎಲಿಗಿಯೊ ಎಲ್ಲ ಮರೆತಿದ್ದಾನೆ ಅಂದುಕೊಂಡೆವು.

ಒಂದು ಸಲ ನಾಬೋರ್ ಬೆಟ್ಟದಾಚೆ ಉಪ್ಪಿನ ಹೇರು ಇಳಿಸಿ ಬಂದವನೇ ನನ್ನ ಒಲೆ ಮುಂದೆ ಕೂತ. ಒಟಿಲಿಯಾ ಅಲ್ಲೇ ಜೋಳದ ಹಿಟ್ಟು ನಾದುತ್ತಿದ್ದಳು.

"ಅತ್ತೆ, ಅಲ್ಲಿ ಹೆಂಡದಂಗಡೀಲಿ ಎಲಿಗಿಯೊ ಕಟ್ಟಿದ ಹಾಡು ಹಾಡ್ತಿದಾರೆ. ಇವಳು ಬ್ರೆಡ್ ಸುಡೋನ ಜೊತೆ ಸಿಕ್ಕಿಬಿದ್ದಳಂತೆ. ಭಾನುವಾರ ನಾನು ಗುಂಡು ಹೊಡೆದು ಸಾಯಿಸಿದೆನಂತೆ."

ಒಟಿಲಿಯಾ ಬಿದ್ದು ಬಿದ್ದು ನಕ್ಕಳು. "ಆ ಬೊಚ್ಚುಬಾಯಿ ಮುದುಕನ ಜೊತೆನಾ? ಅಯ್ಯೋ ದೇವರೇ! ನೀನೇನಂದೆ?"

"ಏನನ್ಲಿ? ನಾನೇ ಆ ನಾಬೋರ್ ಅಂದೆ. ಎಲ್ಲರೂ ಎದ್ದು ಟೋಪಿ ತೆಗೆದರು. ಗಂಡಸು ಅಂದ್ರೆ ನೀನಪ್ಪಾ ಅಂತ ಕುಡಿಸಿದರು."

"ಬದುಕಿದಾಳೆ ಅನ್ನೋಕೆ ನಿನಗೇನು ರೋಗ?" ಅಂದೆ ನಾನು.

ಅವನು ತಲೆ ಎತ್ತಲಿಲ್ಲ. "ಅಷ್ಟೊತ್ತಿಗೆ ಕುಡಿದುಬಿಟ್ಟಿದ್ದೆ, ಅತ್ತೆ."

ನಾನು ಬೈದು ಸುಮ್ಮನಾದೆ. ಮುಂದಿನ ಭಾನುವಾರದ ಸಂತೆಗೆ ಬೆಟ್ಟದಾಚೆಯ ಇಬ್ಬರು ಹೇಸರಗತ್ತೆಯವರು ಬಂದರು. ನನ್ನ ಅಂಗಡಿಯಲ್ಲಿ ಒಟಿಲಿಯಾ ಜೋಳದ ಸಿಪ್ಪೆಯಲ್ಲಿ ಸುತ್ತಿ ಬೇಯಿಸಿದ ಬಿಸಿ ತಮಾಲೆ ಕಡುಬು ಬಿಡಿಸಿ ಕೊಡುತ್ತಿದ್ದಳು, ನಾಬೋರ್ ಪಕ್ಕದಲ್ಲೇ ಇದ್ದ. ನಾನು ಅವಳನ್ನು ಹೆಸರು ಹಿಡಿದು ಕರೆದದ್ದು ಕಿವಿಗೆ ಬಿದ್ದದ್ದೇ ತಡ, ಅವರಲ್ಲೊಬ್ಬ ಕಿರುಚಿದ: "ಲೋ ನಾಬೋರ್, ನಿನ್ನ ಹೆಂಡತಿ ಹೆಣ ತಮಾಲೆ ಮಾರ್ತಿದೆಯಲ್ಲೋ! ನಮ್ಮ ಹೆಂಡ ವಾಪಸ್ ಕಕ್ಕು!"

ಇಡೀ ಸಂತೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ನಾಬೋರ್ ಕೂಡ ನಕ್ಕ. ನಗುತ್ತಲೇ ಮನೆಗೆ ಹೋಗಿ, ಕ್ರಾಂತಿ ಕಾಲದ ಪಿಸ್ತೂಲು ತಂದ.

"ನಿನ್ನದೇನೂ ತಪ್ಪಿಲ್ಲ ಅಂತ ನಂಗೊತ್ತು ಕಣೇ" ಅಂದ. ಅವನ ಕಣ್ಣಲ್ಲಿ ನೀರು ಸುರಿಯುತ್ತಿತ್ತು.

"ಗೊತ್ತಿದ್ರೆ ಅದನ್ನ ಒಳಗಿಡು. ಮಗು ನೋಡ್ತಿದೆ" ಅಂದಳು ಒಟಿಲಿಯಾ.

ಹೊಡೆದೇಬಿಟ್ಟ. ನನ್ನ ಕೂಸು ತಮಾಲೆ ಬುಟ್ಟಿಯ ಮೇಲೇ ಬಿದ್ದಳು.

ಅವಳನ್ನು ಮಣ್ಣು ಮಾಡಿದ ಮೇಲೆ ಎಲಿಗಿಯೊ ನಮ್ಮೂರಿಗೆ ಬಂದು, ಚೌಕದಲ್ಲಿ ನಿಂತು ಅದೇ ಹಾಡು ಹಾಡಿದ. ಒಂದು ಮಾತೂ ಬದಲಿಸಬೇಕಾಗಿರಲಿಲ್ಲ. ನಾನು ಕೊರಳಪಟ್ಟಿ ಹಿಡಿದು ಕೇಳಿದೆ: "ಪಾಪಿ, ಅವಳು ನಿನಗೇನು ಮಾಡಿದ್ದಳೋ?"

"ನಕ್ಕಿದ್ದಳಲ್ಲ" ಅಂದ, ಗಿಟಾರಿನ ತಂತಿ ಬಿಗಿಮಾಡುತ್ತ.

ನಾಬೋರ್ ಜೈಲಿನಲ್ಲಿದ್ದಾನೆ. ಲೂಸ್ ನನ್ನ ಹತ್ತಿರವೇ ಬೆಳೆಯುತ್ತಿದ್ದಾಳೆ. ಮೊನ್ನೆ ಹಿಟ್ಟು ತಟ್ಟುತ್ತ ಆ ಹಾಡನ್ನೇ ಹಾಡುತ್ತಿದ್ದಳು. ನನಗೆ ಮೈಯೆಲ್ಲ ಉರಿದು ಕೆನ್ನೆಗೆ ಬಾರಿಸಿದೆ. "ಮುಚ್ಚೇ ಬಾಯಿ! ಅದು ನಿಮ್ಮಮ್ಮನ್ನ ಹಾದರಗಿತ್ತಿ ಅನ್ನೋ ಹಾಡು!"

ಅವಳು ಕೆನ್ನೆ ಹಿಡಿದುಕೊಂಡು ಬಿಕ್ಕಿದಳು. "ಆದರೆ ಅಜ್ಜಿ, ಅಮ್ಮನ ಹೆಸರು ಬರೋದು ಅದೊಂದರಲ್ಲೇ ಅಲ್ವಾ?"