ತಂತಿ ಇಳಿಸಿದ ಡ್ರಮ್ಮು

"ಹುಣಸೆಹಣ್ಣು ಹಾಕಿ ತಿಕ್ಕಿಬಿಟ್ಟಿದ್ದೀರಲ್ಲ ಸ್ವಾಮಿ! ಇದೇನು ದೇವರಮನೆ ದೀಪಾಲೆ ಕಂಬಾನಾ?"

ಡ್ರಮ್ಮನ್ನು ತಿಕ್ಕಿದವಳು ದೇವರಾಜ್‌ನ ಹೆಂಡತಿ. ತಿಕ್ಕು ಎಂದವನು ಅವನೇ. ಹಿತ್ತಾಳೆ ಎಂದಮೇಲೆ ಹೊಳೆಯಬೇಕು ಎಂದುಕೊಂಡಿದ್ದ.

ಎದುರಿಗೆ ಕೂತಿದ್ದ ಚಿದಂಬರ ಮೂವತ್ತು ವರ್ಷ ಬೆಂಗಳೂರಿನಲ್ಲಿ ಬ್ಯಾಂಡ್‌ಸೆಟ್ಟಿನ ವಾದ್ಯಗಳನ್ನು ರಿಪೇರಿ ಮಾಡಿದವರು. ಈಗ ಹಳೇಬೀಡಿನ ಬಸ್‌ಸ್ಟ್ಯಾಂಡ್ ಹತ್ತಿರ ಹಳೇ ಸಾಮಾನಿನ ಅಂಗಡಿ. ಡ್ರಮ್ಮನ್ನು ತೊಡೆಯ ಮೇಲೆ ಇಟ್ಟುಕೊಂಡು, ಭೂತಗನ್ನಡಿ ಹಿಡಿದು, ಒಂದೊಂದೇ ಸ್ಕ್ರೂ ನೋಡುತ್ತ ಗೊಣಗಿದರು: "ಹಳೇ ಬಣ್ಣ ಹೋಯ್ತು, ಅರ್ಧ ಬೆಲೆನೂ ಹೋಯ್ತು. ಇರಲಿ. ಕಂಪನಿ ಬಿಲ್ಲೆ ಅಸಲಿ. ಇಂಗ್ಲೆಂಡಿನ ಮಾಲೇ. ತೊಂಬತ್ತು ವರ್ಷ ಆಗಿರಬೌದು."

"ಹಾಗಂತ ಬರೆದುಕೊಟ್ಟರೆ ಸಾಕು," ಎಂದ ದೇವರಾಜ್.

ಮಾರುವ ಯೋಚನೆ ಅವನಿಗಿರಲಿಲ್ಲ. ಬೇಕಾಗಿದ್ದುದು ಒಂದು ಕಾಗದ. ಭಾನುವಾರ ಅರಸೀಕೆರೆಯಲ್ಲಿ ಹೊಸ ಮನೆಯ ಗೃಹಪ್ರವೇಶ. ನಡುಮನೆಯ ಷೋಕೇಸಿನಲ್ಲಿ ಡ್ರಮ್ಮು, ಪಕ್ಕದಲ್ಲಿ ಫ್ರೇಮು ಹಾಕಿಸಿದ ಕಾಗದ. ಅವನು ಪಾಠ ಮಾಡುವ ಕಾಲೇಜಿನಿಂದ ಊಟಕ್ಕೆ ಬರುವವರೆಲ್ಲ ಅದನ್ನು ಓದಬೇಕು.

ಏಳು ವರ್ಷದ ಹಿಂದೆ ಸ್ಟಾಫ್‌ರೂಮಿನಲ್ಲಿ ಯಾರೋ "ನಿಮ್ಮ ತಂದೆ ಏನು ಮಾಡ್ತಿದ್ರು?" ಎಂದು ಕೇಳಿದಾಗ ಅವನ ಬಾಯಿಗೆ ಬಂದದ್ದು "ರೈಲ್ವೆ ಬ್ಯಾಂಡಿನಲ್ಲಿದ್ರು". ಅರಸೀಕೆರೆ ಜಂಕ್ಷನ್ನು, ನಂಬದಿರಲು ಕಾರಣವಿರಲಿಲ್ಲ. ಸುಳ್ಳು ಹೇಳುವವನಿಗೆ ಊರೂ ಸ್ವಲ್ಪ ಸಹಾಯ ಮಾಡಬೇಕು ನೋಡಿ. ಆಮೇಲೆ ಆ ಸುಳ್ಳು ಅವನ ಇನ್‌ಕ್ರಿಮೆಂಟಿನ ಹಾಗೆ ವರ್ಷಕ್ಕಿಷ್ಟು ಬೆಳೆಯಿತು. ಮೊದಲು ಡ್ರಮ್ಮು, ಕೆಂಪು ಕೋಟು ಬಂದವು. ಮರುವರ್ಷ ಸ್ಪೆಷಲ್ ರೈಲಿನಲ್ಲಿ ಯಾವನೋ ದೊರೆಯೂ ಬಂದಿಳಿದ. ಹೋದ ತಿಂಗಳು ಇತಿಹಾಸದ ನಟರಾಜ್ ಚಹಾ ಕುಡಿಯುತ್ತ, "ಆ ಡ್ರಮ್ಮು ಇನ್ನೂ ಇದೆಯೇನ್ರೀ?" ಎಂದು ಕೇಳಿ ನಕ್ಕಿದ್ದ. ಆ ನಗು ಎಂಥದ್ದೆಂದು ದೇವರಾಜ್‌ಗೆ ಇನ್ನೂ ಗೊತ್ತಾಗಿರಲಿಲ್ಲ.

"ಯಾರದು ಇದು?" ಚಿದಂಬರ ಕೇಳಿದರು.

"ತಂದೇದು. ರೈಲ್ವೆ ಬ್ಯಾಂಡಿನಲ್ಲಿದ್ರು."

"ಹೆಸರು?"

"ಅದೆಲ್ಲ ಬೇಕಾ?"

ಚಿದಂಬರ ಡ್ರಮ್ಮನ್ನು ಬೋರಲು ಹಾಕಿದರು. ಅಡಿಯ ತೊಗಲಿಗೆ ಅಡ್ಡಲಾಗಿ ಸಣ್ಣ ತಂತಿಗಳ ಸಾಲು, ಪಕ್ಕದಲ್ಲೊಂದು ಲಿವರ್.

"ಇಲ್ನೋಡಿ. ಲಿವರ್ ಎತ್ತಿದ್ರೆ ತಂತಿ ತೊಗಲಿಗೆ ಒತ್ಕೊಳ್ಳುತ್ತೆ, ಜರ್ರ್ ಅನ್ನುತ್ತೆ. ಮದುವೆ, ಪರೇಡು, ಎಲ್ಲಾ ಅದ್ರಲ್ಲೇ. ಇಳಿಸಿದ್ರೆ ಬರೀ ಧಬ್. ಸಾವಿಗೆ ಮಾತ್ರ ಇಳಿಸೋದು." ಅವರು ಬೆರಳಿನಿಂದ ಸವರಿದರು. "ಮೇಲಿನ ತೊಗಲು ಸವೆದು ಕಾಗದ ಆಗೈತೆ. ಅಡೀ ತೊಗಲ ಮೇಲೆ ತಂತಿ ಗುರುತೇ ಇಲ್ಲ, ಲಿವರ್ ಎತ್ತೇ ಇಲ್ಲ. ಎರಡೂ ಒಟ್ಟಿಗೇ ಹಾಕಿರೋದು, ನಲವತ್ತು ವರ್ಷದ ಹಿಂದೆ. ಹಾಕಿದೋರಿಗೆ ತೊಗಲಿನ ಕೆಲಸ ಬಲು ಚೆನ್ನಾಗಿ ಗೊತ್ತಿತ್ತು ಕಣ್ರೀ."

ಅದು ಹೊಗಳಿಕೆಯೇ. ಆದರೂ ದೇವರಾಜ್‌ನ ಕಿವಿ ಬಿಸಿಯಾಯಿತು.

ಹಾಕಿದ್ದು ಗಂಡಸಿ ಊರಿನ ತಮ್ಮಯ್ಯ, ಅವನ ಅಪ್ಪ. ಇನ್ನು ಸಾವಿಗೆ ಬಡಿಯುವ ತಮಟೆ ಮುಟ್ಟುವುದಿಲ್ಲ ಎಂದು ಹಟ ಹಿಡಿದು, ಗುಜರಿಯಿಂದ ಈ ಡ್ರಮ್ಮು ತಂದು, ಹೊಸ ತೊಗಲು ಬಿಗಿದು, ಮದುವೆಗೆ ಮಾತ್ರ ಬಾರಿಸುತ್ತೇನೆಂದು ಊರಿಗೆಲ್ಲ ಹೇಳಿದ್ದ. ಮದುವೆಯವರು ಪೇಟೆಯಿಂದ ಬ್ಯಾಂಡು ಕರೆಸಿದರು. ಸಾವಿನ ಮನೆಯವರು ತಮ್ಮಯ್ಯನನ್ನು ಕರೆದರು. ಆ ಸಂಪಾದನೆಯಲ್ಲಿ ಮಗ ಅರ್ಥಶಾಸ್ತ್ರದಲ್ಲಿ ಎಂ.ಎ. ಮಾಡಿದ. ಅಪ್ಪನ ಬಗ್ಗೆ ಅವನಿಗೆ ನಾಚಿಕೆಯಿತ್ತು. ನಾಚಿಕೆಪಟ್ಟ ತನ್ನ ಬಗ್ಗೆ ಹೇಸಿಗೆಯೂ ಇತ್ತು. ಎರಡನ್ನೂ ಹೊತ್ತು ಸಾಕಾಗಿತ್ತು.

"ರೈಲ್ವೆ ಅಂತ ನಾನು ಬರೆಯಲ್ಲ," ಎಂದರು ಚಿದಂಬರ. "ತಂದೆ ಹೆಸರು ಹೇಳಿ, ಬರೀತೀನಿ. ಸಾವಿಗೇ ಬಾರಿಸಿದ ಡ್ರಮ್ಮು ಇಷ್ಟು ಚೆನ್ನಾಗಿ ಉಳಿದಿರೋದು ನಾನು ಕಂಡಿಲ್ಲ. ಬೆಲೆ ಇರೋದೇ ಅದಕ್ಕೆ."

"ಇಂಗ್ಲೆಂಡಿನದು ಅಂತ ಮಾತ್ರ ಬರೀರಿ."

"ಡ್ರಮ್ಮು ಇಂಗ್ಲೆಂಡಿಂದೇ. ಬಾರಿಸಿದೋರು?"

ದೇವರಾಜ್ ಗಡಿಯಾರ ನೋಡಿಕೊಂಡ. ಬಸ್ಸಿಗೆ ಇನ್ನೂ ಹೊತ್ತಿತ್ತು.

ಚಿದಂಬರ ಲೆಟರ್‌ಹೆಡ್ ತೆಗೆದರು. "ನಾದ ಕೇಳದೆ ಸಹಿ ಹಾಕಲ್ಲ. ನನಗೆ ಕೈ ನಡುಕ. ನೀವೇ ನಾಕು ಪೆಟ್ಟು ಹಾಕಿ."

"ನನಗೆ ಬರಲ್ಲ."

"ಬರದಿದ್ರೂ ಪರವಾಗಿಲ್ಲ. ಸುಮ್ನೆ ಹಾಕಿ."

ದೇವರಾಜ್ ಲಿವರ್ ಎತ್ತಲು ನೋಡಿದ. ತುಕ್ಕು ಹಿಡಿದು ಕೂತಿತ್ತು. ಕೋಲು ತೆಗೆದುಕೊಂಡು, ಪರೇಡಿನವರ ಹಾಗೆ ಬೆನ್ನು ನೆಟ್ಟಗೆ ಮಾಡಿ ಎರಡು ಪೆಟ್ಟು ಹಾಕಿದ. ಮೂರನೆಯದು ತಾನಾಗಿ ಬಂತು. ಆಮೇಲೆ ಒಂದು ಬಿಡುವು. ಮತ್ತೆ ಮೂರು. ಆ ಬಿಡುವು ಅಪ್ಪನದು. ಹೆಣ ಹೊತ್ತವರು ಹೆಜ್ಜೆ ಎತ್ತಿಡುವಷ್ಟು ಉದ್ದ. ಚಿಕ್ಕಂದಿನಲ್ಲಿ ಅಪ್ಪನ ಹಿಂದೆ ಓಡಿ ಓಡಿ ಬೈಸಿಕೊಂಡದ್ದು ಬಿಟ್ಟರೆ ಅವನು ಏನನ್ನೂ ಕಲಿತಿರಲಿಲ್ಲ. ಕೈಗೆ ಗೊತ್ತಿತ್ತು. ನಿಲ್ಲಿಸಬೇಕು ಎಂದುಕೊಂಡ, ನಿಲ್ಲಿಸಲಿಲ್ಲ. ಹಿತವಾಗಿತ್ತು. ಎಷ್ಟೋ ವರ್ಷದಿಂದ ಅಷ್ಟು ಹಿತವಾಗಿರಲಿಲ್ಲ, ಅದಕ್ಕೇ ಭಯವಾಯಿತು.

ಅಂಗಡಿಯ ಮುಂದೆ ಸೌತೆಕಾಯಿ ಮಾರುತ್ತಿದ್ದ ಸಣ್ಣತಾಯಮ್ಮ ಬುಟ್ಟಿ ಬಿಟ್ಟೆದ್ದು, ತಲೆಯ ಮೇಲೆ ಸೆರಗು ಹೊದ್ದು ಒಳಗೆ ಇಣುಕಿದಳು.

"ಯಾರಪ್ಪಾ ಹೋದೋರು?"

ಕೋಲು ನಿಂತಿತು. "ಯಾರೂ ಇಲ್ಲಮ್ಮ."

"ಯಾರೂ ಇಲ್ದೆ ಬಡೀತಾರಾ? ಯಾವ ಕಡೆಯಿಂದ ಬತ್ತೈತೆ?"

ಎದುರಿನ ಹೋಟೆಲಿನವನು ಷಟರನ್ನು ಅರ್ಧ ಇಳಿಸಿದ. ಹೆಣ ಹಾದುಹೋಗುವವರೆಗೆ ಹಾಗೆ ಇಳಿಸುವುದು ಬೀದಿಯ ರೂಢಿ. ಪಕ್ಕದ ಮೊಬೈಲ್ ಅಂಗಡಿಯೂ ಇಳಿಯಿತು. ಅದರಾಚೆಯ ಮೆಡಿಕಲ್ ಸ್ಟೋರೂ ಇಳಿಯಿತು. ಗುರುಗುಡುತ್ತ ನಿಂತಿದ್ದ ಬಸ್ಸಿನ ಡ್ರೈವರು ಇಂಜಿನ್ ಆರಿಸಿದ. ಜನ ರಸ್ತೆಯ ಎರಡು ಬದಿಗೂ ಸರಿದು ನಿಂತರು.

"ಹೆಸರು ಹೇಳ್ತೀರೋ ಇಲ್ವೋ?" ಚಿದಂಬರ ಪೆನ್ನು ಹಿಡಿದೇ ಇದ್ದರು.

ದೇವರಾಜ್ ಬಾಯಿ ತೆರೆದ. ಸಣ್ಣತಾಯಮ್ಮನೂ ಕೇಳಿಸಿಕೊಳ್ಳಲು ನಿಂತಿದ್ದಳು. ಡ್ರಮ್ಮನ್ನು ಹೆಗಲಿಗೆ ಹಾಕಿಕೊಂಡು, ಕಾಗದ ಬಿಟ್ಟು, ಮೆಟ್ಟಿಲಿಳಿದ.

ನಡುರಸ್ತೆ ಪೂರ್ತಿ ತೆರವಾಗಿತ್ತು. ಅವನು ಬದಿಗೆ ಹೋಗಲು ನೋಡಿದ, ಬದಿಯಲ್ಲಿ ಜಾಗವಿರಲಿಲ್ಲ. ಜನ ಅವನ ಬೆನ್ನ ಹಿಂದೆ ನೋಡಿದರು. ಅಲ್ಲಿ ಏನೂ ಬರುತ್ತಿರಲಿಲ್ಲ. ಸ್ವಲ್ಪ ಹೊತ್ತು ಕಾದು, ಅವನನ್ನೇ ನೋಡಿದರು. ಸ್ಕೂಟರಿನವನೊಬ್ಬ ಹೆಲ್ಮೆಟ್ ತೆಗೆದು, ಕಣ್ಣು ಮುಚ್ಚಿ, ಹೆಣಕ್ಕೆ ಮುಗಿಯುವ ಹಾಗೆ ಅವನಿಗೆ ಕೈಮುಗಿದ.